ಊರ ಪಕ್ಕದ ದೊಡ್ಡ ಕಂಪನಿ: ಸಿಎಸ್‌ಆರ್ ನೆರವು ಕೇಳುವುದು ಹೇಗೆ, ನಮ್ಮ ಮಾತು ಕೇಳಿಸುವುದು ಹೇಗೆ

ಮಂಗಳೂರಿನ ಪಣಂಬೂರು ಬಂದರು ದಾಟಿ ಹೆದ್ದಾರಿ 66ರಲ್ಲಿ ಉಡುಪಿ ಕಡೆಗೆ ಹೊರಟರೆ ಮೊದಲು ಬೈಕಂಪಾಡಿ ಕೈಗಾರಿಕಾ ಪ್ರದೇಶ. ಬಲಕ್ಕೆ ಒಳಗೆ ಕುತ್ತೆತ್ತೂರು, ಬಾಳ ಕಡೆ ರಿಫೈನರಿ, ರಾಸಾಯನಿಕ ಘಟಕಗಳು. ಇನ್ನೂ ಮುಂದೆ ಪಡುಬಿದ್ರಿ ಬಳಿ ಎಲ್ಲೂರಿನ ವಿದ್ಯುತ್ ಸ್ಥಾವರ. ಅತ್ತ ಮುಡಿಪುವಿನಲ್ಲಿ, ಇತ್ತ ಸಂತೆಕಟ್ಟೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳು. ಇವುಗಳಲ್ಲಿ ಹಲವು ಕಂಪನಿಗಳ ವ್ಯವಹಾರ ದೇಶ ದೇಶಗಳಲ್ಲಿ ಹರಡಿದೆ. ನಿರ್ಧಾರಗಳು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಯುರೋಪಿನಲ್ಲೋ ಆಗುತ್ತವೆ. ಆದರೆ ಚಿಮಣಿಯ ಕೆಳಗೆ, ಕಾಂಪೌಂಡಿನ ಪಕ್ಕದಲ್ಲಿ, ಲಾರಿ ಓಡುವ ರಸ್ತೆಯ ಬದಿಯಲ್ಲಿ ಬದುಕುವವರು ನಾವು.

ನಮ್ಮ ಯುವಕ ಮಂಡಲ, ಮಹಿಳಾ ಮಂಡಳಿ, ಶಾಲೆಯ ಅಭಿವೃದ್ಧಿ ಸಮಿತಿಗಳು (ಎಸ್‌ಡಿಎಂಸಿ) ಇಂಥ ಕಂಪನಿಗೆ ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ನೆರವು ಕೇಳುವ ರೀತಿ ಸಾಮಾನ್ಯವಾಗಿ ಒಂದೇ. ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಮನವಿ, ಕೆಳಗೆ ಅಧ್ಯಕ್ಷ, ಕಾರ್ಯದರ್ಶಿಗಳ ಸಹಿ, ಜತೆಗೆ ಪರಿಚಯದ ಯಾರಾದರೂ ಗಣ್ಯರು. ಗೇಟಿನಲ್ಲಿ ಕೊಟ್ಟು ಬಂದ ಮೇಲೆ ಉತ್ತರ ಬರುವುದು ಅಪರೂಪ. ಬಂದರೂ ನಾವು ಕೇಳಿದ್ದು ಒಂದು, ಸಿಗುವುದು ಇನ್ನೊಂದು. ಇದಕ್ಕಿಂತ ಚೆನ್ನಾಗಿ ಮಾಡಲು ಸಾಧ್ಯ. ಅದಕ್ಕೆ ಬೇಕಾದ ಹೆಜ್ಜೆಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾನೂನು ತಿಳಿದುಕೊಳ್ಳಿ

ಕಂಪನಿ ಕಾಯ್ದೆ 2013ರ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿಗೆ ಈ ಕಲಂ ಅನ್ವಯಿಸುತ್ತದೆ. ವಿದೇಶಿ ಕಂಪನಿಯ ಭಾರತದ ಶಾಖೆಗೂ ಅನ್ವಯಿಸುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ಇದೇ ಸಿಎಸ್‌ಆರ್ ಹಣ. ಒಂದು ಕಂಪನಿ ಮೂರು ವರ್ಷಗಳಲ್ಲಿ 24, 30, 36 ಕೋಟಿ ಲಾಭ ಮಾಡಿದೆ ಎಂದಿಟ್ಟುಕೊಳ್ಳಿ. ಸರಾಸರಿ 30 ಕೋಟಿ, ಅದರ ಶೇ 2 ಎಂದರೆ 60 ಲಕ್ಷ. ಈ ಲೆಕ್ಕ ನಿಮ್ಮ ಕೈಯಲ್ಲಿದ್ದರೆ 2 ಕೋಟಿಯ ಸಭಾಭವನ ಕೇಳಲು ಹೋಗುವುದಿಲ್ಲ.

ಯಾವ ಕೆಲಸಕ್ಕೆ ಖರ್ಚು ಮಾಡಬಹುದು ಎಂಬ ಪಟ್ಟಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ಆರೋಗ್ಯ, ಕುಡಿಯುವ ನೀರು, ಶಿಕ್ಷಣ, ಜೀವನೋಪಾಯ, ಪರಿಸರ, ಸಾಂಪ್ರದಾಯಿಕ ಕಲೆ ಮತ್ತು ಕೈಕಸುಬು, ಗ್ರಾಮೀಣ ಕ್ರೀಡೆಯ ತರಬೇತಿ ಎಲ್ಲ ಅದರಲ್ಲಿವೆ. ಉಡುಪಿ ಸೀರೆ ನೇಯುವ ಮಗ್ಗಕ್ಕೆ ಹೊಸಬರನ್ನು ತಯಾರು ಮಾಡುವ ಕೆಲಸಕ್ಕೆ ಅಲ್ಲಿ ಜಾಗವಿದೆ. ಯಕ್ಷಗಾನ ಕಲಿಸುವ ತರಗತಿಗೂ ಇದೆ. ಆದರೆ ಕಂಪನಿಯ ಜಾಹೀರಾತಾಗುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮ ಹೇಳುತ್ತದೆ. ಕಂಬಳದ ಕೋಣ ಓಡುವ ಕರೆಯ ಬದಿಯ ಬ್ಯಾನರ್, ಯಕ್ಷಗಾನ ಆಟದ ಚಪ್ಪರದ ಮೇಲಿನ ಹೆಸರು, ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯ ಜಾಹೀರಾತು, ಇವೆಲ್ಲ ಕಂಪನಿಯ ಪ್ರಚಾರ ವಿಭಾಗದ ಹಣ. ಬೇಕಿದ್ದರೆ ಅಲ್ಲಿ ಕೇಳಿ, ಸಿಎಸ್‌ಆರ್ ಅರ್ಜಿಯ ಜತೆ ಬೆರೆಸಬೇಡಿ. ತನ್ನ ನೌಕರರಿಗೆ ಮಾತ್ರ ಉಪಯೋಗವಾಗುವ ಖರ್ಚು, ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ, ಬೇರೆ ಕಾನೂನಿನ ಪ್ರಕಾರ ಕಂಪನಿ ಹೇಗೂ ಮಾಡಲೇಬೇಕಾದ ಕೆಲಸ, ಇವು ಕೂಡ ಸಿಎಸ್‌ಆರ್ ಅಲ್ಲ. ಈ ಕೊನೆಯದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಂಪನಿ ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂಬ ಮಾತೂ ಕಾಯ್ದೆಯಲ್ಲಿದೆ. ನಮ್ಮ ಮುಖಂಡರು ಭಾಷಣದಲ್ಲಿ ಇದನ್ನೇ ಎತ್ತಿ ಹೇಳುತ್ತಾರೆ. ಆದರೆ 2021ರ ಆಗಸ್ಟ್‌ನಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯ ಕೊಟ್ಟ ಸ್ಪಷ್ಟನೆಯ ಪ್ರಕಾರ ಇದು ಮಾರ್ಗದರ್ಶಕ ಮಾತು, ಕಡ್ಡಾಯವಲ್ಲ. ಹಾಗಾಗಿ ‘ನಮ್ಮ ಪಾಲು ಕೊಡಿ’ ಎಂದು ಮೇಜು ಕುಟ್ಟಿದರೆ ಕೆಲಸವಾಗುವುದಿಲ್ಲ. ಕಾಯ್ದೆಯ ಆ ಸಾಲನ್ನು ಪತ್ರದಲ್ಲಿ ಉಲ್ಲೇಖಿಸಿ, ಅದರ ಕೆಳಗೆ ಗಟ್ಟಿಯಾದ ಪ್ರಸ್ತಾವನೆ ಇಟ್ಟರೆ ಆಗುತ್ತದೆ.

ಕಂಪನಿಯನ್ನು ಓದಿಕೊಳ್ಳಿ

ಗೇಟಿನ ಮೇಲಿರುವ ಹೆಸರು ಬ್ರಾಂಡಿನದ್ದಿರಬಹುದು. ಭಾರತದಲ್ಲಿ ನೋಂದಾಯಿತ ಕಂಪನಿಯ ಪೂರ್ಣ ಹೆಸರು ಹುಡುಕಿ. ಅದರ ವೆಬ್‌ಸೈಟಿನಲ್ಲಿ ಸಿಎಸ್‌ಆರ್ ನೀತಿ, ಸಿಎಸ್‌ಆರ್ ಸಮಿತಿಯ ಸದಸ್ಯರು, ಆಡಳಿತ ಮಂಡಳಿ ಒಪ್ಪಿದ ಯೋಜನೆಗಳು ಇರಲೇಬೇಕು. ವಾರ್ಷಿಕ ವರದಿಯ ಅನುಬಂಧದಲ್ಲಿ ಎಷ್ಟು ಖರ್ಚು ಮಾಡಬೇಕಿತ್ತು, ಎಷ್ಟು ಖರ್ಚಾಯಿತು ಎಂಬ ವಿವರ ಸಿಗುತ್ತದೆ. ಸಚಿವಾಲಯದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲೂ ಕಂಪನಿವಾರು ಖರ್ಚು ನೋಡಬಹುದು. ವರ್ಷಕ್ಕೆ 50 ಲಕ್ಷದೊಳಗೆ ಖರ್ಚು ಮಾಡಬೇಕಾದ ಕಂಪನಿಗೆ ಪ್ರತ್ಯೇಕ ಸಮಿತಿ ಕಡ್ಡಾಯವಲ್ಲ, ಆಡಳಿತ ಮಂಡಳಿಯೇ ತೀರ್ಮಾನಿಸುತ್ತದೆ.

ಷೇರುಪೇಟೆಯಲ್ಲಿ ಪಟ್ಟಿಯಾದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಕಂಪನಿಗಳು 2022-23ರಿಂದ ವ್ಯವಹಾರ ಜವಾಬ್ದಾರಿ ಮತ್ತು ಸುಸ್ಥಿರತೆ ವರದಿಯನ್ನು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಕಡ್ಡಾಯವಾಗಿ ಪ್ರಕಟಿಸಬೇಕು. ಅದರಲ್ಲಿ ಒಂದು ಕೋಷ್ಟಕ ಇದೆ: ಸ್ಥಳೀಯ ಸಮುದಾಯದಿಂದ ಎಷ್ಟು ದೂರು ಬಂತು, ಎಷ್ಟು ಬಾಕಿ ಇದೆ ಎಂದು ಕಂಪನಿಯೇ ಬರೆಯಬೇಕು. ಊರಿನವರು ದೂರು ಕೊಟ್ಟ ವರ್ಷದಲ್ಲಿ ಆ ಕೋಷ್ಟಕದಲ್ಲಿ ಸೊನ್ನೆ ಇದ್ದರೆ ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಸ್ಥಳೀಯ ಅಧಿಕಾರಿಯ ಮುಂದೆ ಅದಕ್ಕಿಂತ ಗಟ್ಟಿಯಾದ ಕಾಗದ ಇನ್ನೊಂದಿಲ್ಲ.

ಊರಿನ ಮಾತನ್ನು ಊರಲ್ಲೇ ಕೂಡಿಸಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುವ ಹೆಜ್ಜೆಯೂ ಇದೇ. ಕಂಪನಿಯವರು ‘ಪಾಲುದಾರರ ಸಭೆ’ ಕರೆಯುತ್ತಾರೆ, ವಾರದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ಪಂಚಾಯತ್ ಸಭಾಂಗಣದಲ್ಲಿ. ಆ ಹೊತ್ತಿಗೆ ಬರುವವರು ಯಾರು? ಮೀನು ಮಾರುವ ಹೆಂಗಸರು ನಸುಕಿಗೇ ಮೀನುಗಾರಿಕಾ ದಕ್ಕೆಗೋ ಮಲ್ಪೆ ಬಂದರಿಗೋ ಹೋಗಿ, ಬುಟ್ಟಿ ತುಂಬಿಸಿಕೊಂಡು ಬಂದು, ಆಗಷ್ಟೇ ಮಾರಾಟಕ್ಕೆ ಕೂತಿರುತ್ತಾರೆ. ಬೀಡಿ ಕಟ್ಟುವವರಿಗೆ ಬ್ರಾಂಚಿಗೆ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತರುವ ಹೊತ್ತು ತಪ್ಪಿಸಲಾಗದು. ಕೂಲಿಯವರಿಗೆ ಅರ್ಧ ದಿನದ ಸಂಬಳ ಹೋಗುತ್ತದೆ. ಉಳಿದವರು ನಾಲ್ಕು ಸಂಘಗಳ ಅಧ್ಯಕ್ಷರು. ಅವರ ಮಾತೇ ಊರಿನ ಮಾತಾಗಿ ವರದಿಯಲ್ಲಿ ಸೇರುತ್ತದೆ.

ನೀವು ಸಭೆ ಕರೆಯುವಾಗ ಸಂಜೆ ಇಟ್ಟುಕೊಳ್ಳಿ. ಒಂದೇ ದೊಡ್ಡ ಸಭೆಗಿಂತ ಅಲ್ಲಲ್ಲಿ ಸಣ್ಣ ಕೂಟಗಳು ಒಳ್ಳೆಯದು: ಒಂದು ಮೀನುಗಾರರ ಮನೆಗಳ ಕಡೆ, ಒಂದು ಅಂಗನವಾಡಿಯಲ್ಲಿ, ಒಂದು ಕೊರಗ ಸಮುದಾಯದ ಕಾಲನಿಯಲ್ಲಿ. ಕಾಲನಿಯವರನ್ನು ದೊಡ್ಡ ಸಭೆಗೆ ಕರೆದು ಹಿಂದಿನ ಸಾಲಿನಲ್ಲಿ ಕೂರಿಸಿದರೆ ಅವರು ಬಾಯಿ ಬಿಡುವುದಿಲ್ಲ. ನೀವೇ ಅಲ್ಲಿಗೆ ಹೋಗಿ. ಬಾಡಿಗೆ ಕೋಣೆಗಳಲ್ಲಿರುವ ಉತ್ತರ ಕರ್ನಾಟಕದ, ಒಡಿಶಾ, ಜಾರ್ಖಂಡ್ ಕಡೆಯ ಕಾರ್ಮಿಕರನ್ನೂ ಕೇಳಿ. ಅದೇ ನೀರು ಕುಡಿಯುವವರು, ಅದೇ ಗಾಳಿ ಉಸಿರಾಡುವವರು ಅವರು. ಮಾತು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ನಡೆಯಲಿ, ಬರೆದುಕೊಳ್ಳುವವರು ಕನ್ನಡದಲ್ಲಿ ಬರೆದುಕೊಂಡು ಕೊನೆಗೆ ಗಟ್ಟಿಯಾಗಿ ಓದಿ ಹೇಳಲಿ. ಆಳಸಮುದ್ರ ಬೋಟಿನವರು ಊರಲ್ಲಿ ಸಿಗುವುದು ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಅವಧಿಯಲ್ಲಿ. ನಾಡದೋಣಿಯವರಿಗೆ ಮಾತ್ರ ಮಳೆಗಾಲವೇ ಕಸುಬಿನ ಕಾಲ, ಅವರಿಗೆ ಬೇರೆ ದಿನ ನೋಡಬೇಕು.

‘ಏನು ಬೇಕು?’ ಎಂದು ಕೇಳಿದರೆ ಬಸ್ ತಂಗುದಾಣ, ಹೈಮಾಸ್ಟ್ ದೀಪ, ರಂಗಮಂದಿರ ಎಂಬ ಉತ್ತರ ಬರುತ್ತದೆ, ಕಣ್ಣಿಗೆ ಬಿದ್ದದ್ದು ಅವೇ ಆದ್ದರಿಂದ. ‘ಕಳೆದ ವರ್ಷ ನಿಮಗೆ ಯಾವುದು ಹೆಚ್ಚು ಕಷ್ಟವಾಯಿತು?’ ಎಂದು ಕೇಳಿ ನೋಡಿ. ಏಪ್ರಿಲ್‌ನಲ್ಲಿ ಬಾವಿಯ ನೀರು ಉಪ್ಪಾದದ್ದು, ಡಯಾಲಿಸಿಸ್‌ಗೆ ಮಂಗಳೂರಿಗೆ ಹೋಗಿಬರುವ ಬಸ್ ಚಾರ್ಜು, ಮಗಳು ಪಿಯುಸಿ ಬಿಟ್ಟದ್ದು ಹೊರಗೆ ಬರುತ್ತವೆ.

ಹೊರಗೆ ಬಂದ ಕಷ್ಟಕ್ಕೆ ಸಾಕ್ಷಿ ಕೂಡಿಸಿ. ನೀರಿನ ಸಮಸ್ಯೆಯಾದರೆ ಐದಾರು ಮನೆಗಳ ಬಾವಿ ಆರಿಸಿಕೊಳ್ಳಿ. ಹಗ್ಗಕ್ಕೆ ಅಡಿ ಅಡಿಗೆ ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಜನವರಿಯಿಂದ ಮೇವರೆಗೆ ಪ್ರತಿ ಭಾನುವಾರ ನೀರಿನ ಮಟ್ಟ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಲು ಹೈಸ್ಕೂಲಿನ ಮಕ್ಕಳಿಗೆ ಹೇಳಿ. ಮನೆಯವರ ಹೆಸರು, ದಿನಾಂಕ, ನೀರಿನ ರುಚಿ ಸಪ್ಪೆಯೋ ಉಪ್ಪೋ, ಟ್ಯಾಂಕರ್ ಬಂದ ದಿನಗಳು, ಇಷ್ಟು ಸಾಕು. ಜತೆಗೆ ಬಾವಿಯ ನೀರಿನ ಒಂದು ಲ್ಯಾಬ್ ವರದಿ. ಮಾತಿನಲ್ಲಿ ಎಷ್ಟು ಹೇಳಿದರೂ ಕರಗದ ಅಧಿಕಾರಿ ಈ ನೋಟ್‌ಬುಕ್ ತಿರುವಿ ಹಾಕಲು ಶುರುಮಾಡುತ್ತಾರೆ, ಏಕೆಂದರೆ ತನ್ನ ಮೇಲಿನವರಿಗೆ ತೋರಿಸಲು ಅವರಿಗೂ ಏನಾದರೂ ಬೇಕು.

ನೆರವಿಗೆ ಒಂದು ಫೈಲ್, ದೂರಿಗೆ ಇನ್ನೊಂದು

ಇದರಲ್ಲಿ ರಾಜಿ ಬೇಡ. ಕಂಪನಿಯಿಂದ ತೊಂದರೆ ಇದ್ದರೆ, ಅದು ಹಾರುಬೂದಿ, ವಾಸನೆ, ತೋಡಿಗೆ (ಹಳ್ಳಕ್ಕೆ) ಬಿಟ್ಟ ನೀರು, ಲಾರಿ ಹಾವಳಿ, ಭೂಮಿ ಬಿಟ್ಟುಕೊಟ್ಟವರಿಗೆ ಬಾಕಿ ಉಳಿದ ಉದ್ಯೋಗ ಯಾವುದೇ ಇರಲಿ, ಅದನ್ನು ಸರಿಪಡಿಸುವುದು ಕಂಪನಿಯ ಕರ್ತವ್ಯ. ಕಾನೂನಿನಿಂದ ಬಂದ ಕರ್ತವ್ಯಕ್ಕೆ ಮಾಡಿದ ಖರ್ಚು ಸಿಎಸ್‌ಆರ್ ಅಲ್ಲ ಎಂದು ಆಗಲೇ ಹೇಳಿದೆ. ಹಾಗಿದ್ದೂ ಶಾಲೆಗೆ ಕಂಪ್ಯೂಟರ್ ಬಂದ ಮೇಲೆ ವಾಸನೆಯ ಬಗ್ಗೆ ಮಾತಾಡಲು ಊರಿನವರಿಗೇ ಮುಜುಗರವಾಗುತ್ತದೆ. ‘ಅವರು ಅಷ್ಟು ಕೊಟ್ಟಿದ್ದಾರೆ, ಈಗ ಹೇಗೆ ಹೇಳುವುದು?’ ಎಂಬ ಮಾತು ಹುಟ್ಟುತ್ತದೆ. ಕೊಟ್ಟದ್ದು ದಾನವಲ್ಲ, ಕಾನೂನಿನ ಪ್ರಕಾರ ಮಾಡಿದ ಖರ್ಚು. ಹೇಳಲು ಯಾವ ಅಡ್ಡಿಯೂ ಇಲ್ಲ. ನೆರವಿನ ಒಪ್ಪಂದದಲ್ಲಿ ‘ಮುಂದೆ ದೂರು ನೀಡುವುದಿಲ್ಲ’ ಎಂಬ ಅರ್ಥದ ಸಾಲು ಕಂಡರೆ ಸಹಿ ಹಾಕಬೇಡಿ.

ದೂರಿನ ಫೈಲಿನ ದಾರಿ ಹೀಗೆ. ಮೊದಲು ಕಂಪನಿಯ ಸಮುದಾಯ ದೂರು ವಿಭಾಗಕ್ಕೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿ ಮಂಗಳೂರು ಅಥವಾ ಉಡುಪಿಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಜಿಲ್ಲಾಧಿಕಾರಿಗೂ ಹೋಗಲಿ. ವಾಸನೆ ಬಂದ ದಿನ, ಹೊತ್ತು, ಗಾಳಿಯ ದಿಕ್ಕು, ಫೋಟೊ ಬರೆದಿಟ್ಟ ಡೈರಿ ಜತೆಗಿರಲಿ. ಪರಿಸರ ಅನುಮತಿ ಪಡೆದ ಘಟಕ ತಾನು ಷರತ್ತುಗಳನ್ನು ಪಾಲಿಸಿದ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಕಂಪನಿ ಸಾರ್ವಜನಿಕ ವಲಯದ್ದಾದರೆ ಮಾಹಿತಿ ಹಕ್ಕಿನಡಿ ನೇರವಾಗಿ ಅದನ್ನೇ ಕೇಳಬಹುದು. ಖಾಸಗಿಯಾದರೆ ಮಂಡಳಿಯಲ್ಲಿರುವ ಅದರ ಕಾಗದಗಳನ್ನು ಮಂಡಳಿಯಿಂದ ಕೇಳಿ. ಪರಿಸರದ ತಕರಾರು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ಅಲ್ಲಿಗೆ ತಕರಾರು ಒಯ್ಯಲು ಸಾಮಾನ್ಯವಾಗಿ ಆರು ತಿಂಗಳ ಮಿತಿ, ಪರಿಹಾರ ಕೇಳಲು ಐದು ವರ್ಷ. ದಿನಾಂಕ ಬರೆದಿಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಮುಖ್ಯ ಕಚೇರಿ ಜರ್ಮನಿ, ಜಪಾನ್, ಅಮೆರಿಕದಂಥ ದೇಶದಲ್ಲಿದ್ದರೆ ಇನ್ನೊಂದು ಬಾಗಿಲಿದೆ. ಬಹುರಾಷ್ಟ್ರೀಯ ಕಂಪನಿಗಳಿಗಾಗಿ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ಮಾಡಿದ ಮಾರ್ಗಸೂಚಿಯನ್ನು ಒಪ್ಪಿದ ಪ್ರತಿ ದೇಶದಲ್ಲೂ ಒಂದು ರಾಷ್ಟ್ರೀಯ ಸಂಪರ್ಕ ಕೇಂದ್ರ ಇದೆ. ಭಾರತ ಆ ಗುಂಪಿನಲ್ಲಿಲ್ಲ. ಆದರೂ ಇಲ್ಲಿನ ಘಟಕದ ಬಗ್ಗೆ ಆ ದೇಶದ ಕೇಂದ್ರಕ್ಕೆ ದೂರು ಕೊಡಬಹುದು. ಅದು ಶಿಕ್ಷೆ ಕೊಡುವುದಿಲ್ಲ, ಎರಡೂ ಕಡೆಯವರನ್ನು ಮಾತಿಗೆ ಕೂರಿಸುತ್ತದೆ. ಜಾಗತಿಕ ಹೆಸರನ್ನು ಜೋಪಾನ ಮಾಡುವ ಕಂಪನಿ ಅಂಥ ಪತ್ರವನ್ನು ಬದಿಗಿಡುವುದಿಲ್ಲ.

ಹೊಸ ಘಟಕವೋ ವಿಸ್ತರಣೆಯೋ ಬರುವುದಾದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಹಲವು ಬಗೆಯ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ. ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಅಲ್ಲೇ ಓದಿ ಹೇಳಬೇಕು. ಗಲಾಟೆಯಲ್ಲಿ ಅರ್ಧಕ್ಕೆ ಎದ್ದು ಬಂದರೆ ನಿಮ್ಮ ಆಕ್ಷೇಪ ದಾಖಲಾಗದೇ ಉಳಿಯುತ್ತದೆ. ಬರಹದಲ್ಲೂ ಕೊಡಿ, ಓದುವವರೆಗೂ ಕೂತಿರಿ.

ಕಾಗದಪತ್ರ

2021ರ ಏಪ್ರಿಲ್ 1ರಿಂದ ಕಂಪನಿಯ ಪರವಾಗಿ ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್-1 ಅರ್ಜಿ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. ಅದಕ್ಕೆ ಸಿಎ ಅಥವಾ ಕಂಪನಿ ಸೆಕ್ರೆಟರಿಯಂಥವರ ದೃಢೀಕರಣ ಬೇಕು. ಜತೆಗೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ (12ಎ ಮತ್ತು 80ಜಿ ಎಂದು ಕರೆಯುವುದು). ಕಂಪನಿಯೇ ಕಟ್ಟಿದ ಸಂಸ್ಥೆಯಲ್ಲದಿದ್ದರೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿರುವ ನಮ್ಮ ಯುವಕ ಮಂಡಲಗಳಲ್ಲಿ ಹೆಚ್ಚಿನವಕ್ಕೆ ಇಷ್ಟೆಲ್ಲ ಇರುವುದಿಲ್ಲ. ಗಾಬರಿ ಬೇಡ. ಕಂಪನಿ ಕೆಲಸವನ್ನು ತಾನೇ ನೇರವಾಗಿ ಮಾಡಬಹುದು, ಅಥವಾ ನೋಂದಣಿ ಇರುವ ಟ್ರಸ್ಟಿನ ಮೂಲಕ ಮಾಡಿಸಬಹುದು. ಆಗ ನಿಮ್ಮ ಸಂಘ ಬೇಡಿಕೆ ಇಡುವ, ಉಸ್ತುವಾರಿ ನೋಡುವ ಜಾಗದಲ್ಲಿರುತ್ತದೆ. ಹಣದ ಜವಾಬ್ದಾರಿ ಹೊರದೆ ಅಧಿಕಾರಯುತವಾಗಿ ಪ್ರಶ್ನೆ ಕೇಳಬಹುದಾದ ಜಾಗ ಅದು, ಸಣ್ಣ ಸಂಘಗಳಿಗೆ ಅದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ವಿದೇಶದ ಮುಖ್ಯ ಕಚೇರಿ ನೇರವಾಗಿ ಹಣ ಕಳುಹಿಸುತ್ತೇನೆ ಎಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅನುಮತಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟಬಾರದು. ಭಾರತದ ಅಂಗಸಂಸ್ಥೆ ಕೊಡುವುದಾದರೂ ಸಿಎ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಪ್ರಸ್ತಾವನೆ

ನಾಲ್ಕೈದು ಪುಟ ಸಾಕು. ಕಷ್ಟ ಏನು, ಯಾರಿಗೆ, ಸಾಕ್ಷಿ ಏನು, ಏನು ಮಾಡಬೇಕು, ಎಷ್ಟು ಖರ್ಚು, ಯಾರು ಮಾಡುತ್ತಾರೆ, ಆಮೇಲೆ ಯಾರು ನೋಡಿಕೊಳ್ಳುತ್ತಾರೆ. ಕೊನೆಯ ಪ್ರಶ್ನೆಗೇ ಹೆಚ್ಚು ಪುಟ ಕೊಡಿ. ಹೆಣ್ಣುಮಕ್ಕಳ ಶೌಚಾಲಯ ಕೇಳುತ್ತೀರಿ ಎನ್ನಿ. ನೀರು ಎಲ್ಲಿಂದ? ಮೇ ತಿಂಗಳಲ್ಲಿ ಆ ಬಾವಿಯಲ್ಲಿ ನೀರಿರುತ್ತದೆಯೇ? ದಿನಾ ತೊಳೆಯುವವರು ಯಾರು, ಅವರ ಸಂಬಳ ಯಾವ ಲೆಕ್ಕದಿಂದ? ಸ್ಯಾನಿಟರಿ ಪ್ಯಾಡ್ ವಿಲೇವಾರಿ ಹೇಗೆ? ಕಡಲಿನಿಂದ ಒಂದೆರಡು ಕಿಲೋಮೀಟರ್ ಒಳಗಿನ ಶಾಲೆಯಾದರೆ ಕಬ್ಬಿಣದ ಬಾಗಿಲು, ತಗಡಿನ ಶೀಟು ಉಪ್ಪುಗಾಳಿಗೆ ಕೆಲವೇ ಮಳೆಗಾಲದಲ್ಲಿ ತುಕ್ಕು ಹಿಡಿದು ಪುಡಿಯಾಗುತ್ತವೆ. ಬೆಂಗಳೂರಿನಲ್ಲಿ ಮಾಡಿದ ನಕ್ಷೆಯಲ್ಲಿ ಇದು ಇರುವುದಿಲ್ಲ, ನೀವೇ ಬರೆಯಬೇಕು: ಕೆಂಪುಕಲ್ಲಿನ ಗೋಡೆ, ಹಂಚಿನ ಅಥವಾ ಕಾಂಕ್ರೀಟ್ ಮಾಡು, ಪಿವಿಸಿ ಬಾಗಿಲು. ಸರಕಾರಿ ಶಾಲೆಯಾದರೆ ಎಸ್‌ಡಿಎಂಸಿ ಠರಾವು ಮತ್ತು ಬಿಇಒ ಒಪ್ಪಿಗೆ ಲಗತ್ತಿಸಿ.

ಯೋಜನೆಗೇ ದುಡಿಯುವವರ ಸಂಬಳವನ್ನು ಅಂದಾಜುಪಟ್ಟಿಯಲ್ಲಿ ತೋರಿಸಲು ಹಿಂಜರಿಯಬೇಡಿ. ಆಡಳಿತ ವೆಚ್ಚಕ್ಕೆ ಶೇ 5ರ ಮಿತಿ ಇರುವುದು ಕಂಪನಿಯ ಸಿಎಸ್‌ಆರ್ ವಿಭಾಗದ ಸಾಮಾನ್ಯ ಖರ್ಚಿಗೆ, ಯೋಜನೆಯ ನೇರ ಖರ್ಚಿಗಲ್ಲ.

ಸೋಲಾರ್ ದೀಪಕ್ಕಿಂತ ಮದಗದ (ಕೆರೆಯ) ಹೂಳೆತ್ತುವುದನ್ನು, ತೋಡಿಗೆ ಕಟ್ಟ ಹಾಕುವುದನ್ನು ಕೇಳಿ ಎಂದು ನಾನು ಯಾವಾಗಲೂ ಹೇಳುತ್ತೇನೆ. ದೀಪದ ಬ್ಯಾಟರಿ ಸತ್ತ ಮೇಲೆ ಕಂಬ ಮಾತ್ರ ಉಳಿಯುತ್ತದೆ. ಮದಗ ತುಂಬಿದರೆ ಸುತ್ತಲಿನ ಬಾವಿಗಳಿಗೆಲ್ಲ ಒಸರು ಬರುತ್ತದೆ.

ಯಾವಾಗ ಕೇಳಬೇಕು

ವಾರ್ಷಿಕ ಕ್ರಿಯಾ ಯೋಜನೆ ಸಾಮಾನ್ಯವಾಗಿ ಹೊಸ ಹಣಕಾಸು ವರ್ಷದ ಆರಂಭದಲ್ಲಿ ಆಡಳಿತ ಮಂಡಳಿಯ ಮುಂದೆ ಬರುತ್ತದೆ. ಅದರ ಕರಡು ಅದಕ್ಕಿಂತ ಕೆಲವು ತಿಂಗಳು ಮೊದಲೇ ತಯಾರಾಗುತ್ತದೆ. ನವರಾತ್ರಿ, ದೀಪಾವಳಿ ಹೊತ್ತಿಗೆ ಊರಿನ ಕೂಟಗಳು ಮುಗಿದು ಡಿಸೆಂಬರ್‌ನಲ್ಲಿ ಪ್ರಸ್ತಾವನೆ ಕಂಪನಿಯ ಕೈ ಸೇರಿದರೆ ಸರಿಯಾದ ಹೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಣ್ಣಿನ ಕೆಲಸ, ಕಟ್ಟಡದ ಕೆಲಸ ನಡೆಯುವುದಿಲ್ಲ. ಇದನ್ನೂ ವೇಳಾಪಟ್ಟಿಯಲ್ಲಿ ಬರೆಯಿರಿ.

ಮಾರ್ಚ್‌ನಲ್ಲಿ ಕೆಲವೊಮ್ಮೆ ಕಂಪನಿಯಿಂದಲೇ ಫೋನ್ ಬರುತ್ತದೆ: ಹಣ ಉಳಿದಿದೆ, ಈ ತಿಂಗಳೊಳಗೆ ಬಿಲ್ ಆಗುವಂಥದ್ದು ಏನಾದರೂ ಹೇಳಿ. ಆ ಅವಸರಕ್ಕೆ ಬಿದ್ದು ನೀರಿನ ಕೂಲರ್, ಬ್ಯಾಗ್ ಎಂದು ಬರೆದುಕೊಡಬೇಡಿ. ಒಂದಕ್ಕಿಂತ ಹೆಚ್ಚು ವರ್ಷ ನಡೆಯುವ ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ಕಂಪನಿಯ ಆಡಳಿತ ಮಂಡಳಿ ಒಪ್ಪಿದರೆ ಉಳಿದ ಹಣವನ್ನು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಖಾತೆಗೆ ಹಾಕಿ ಮುಂದಿನ ಮೂರು ವರ್ಷಗಳಲ್ಲಿ ಖರ್ಚು ಮಾಡಲು ಕಾನೂನಿನಲ್ಲೇ ದಾರಿ ಇದೆ. ಅದನ್ನು ನೆನಪಿಸಿ, ನಿಮ್ಮ ಹೂಳೆತ್ತುವ ಪ್ರಸ್ತಾವನೆಯನ್ನೇ ಮುಂದಿಡಿ.

ಹಣ ಬಂದ ಮೇಲೆ

ಕಂತುಗಳು, ಕೆಲಸದ ಹಂತಗಳು, ಎರಡೂ ಕಡೆಯ ಸಂಪರ್ಕ ವ್ಯಕ್ತಿ ಒಪ್ಪಂದದಲ್ಲಿ ಇರಲಿ. ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತಿ ಖರ್ಚಿಗೂ ಬಿಲ್. ಖರ್ಚಿನ ಪಟ್ಟಿಯನ್ನು ಪಂಚಾಯತ್ ಫಲಕದಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ. ಕಟ್ಟಿದ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ. ಪಂಚಾಯತ್‌ನಂಥ ಸಾರ್ವಜನಿಕ ಸಂಸ್ಥೆ, ಫಲಾನುಭವಿಗಳ ಸ್ವಸಹಾಯ ಗುಂಪು ಅಥವಾ ಸಿಎಸ್‌ಆರ್ ನೋಂದಣಿ ಇರುವ ಟ್ರಸ್ಟ್, ಸಂಘದ ಹೆಸರಿಗೆ ಬರಬೇಕು. ಉದ್ಘಾಟನೆಯ ದಿನವೇ ಹಸ್ತಾಂತರ ಪತ್ರಕ್ಕೆ ಸಹಿ ಮಾಡಿಸಿಕೊಳ್ಳಿ, ಶಾಲು ಹಾರದ ಗದ್ದಲದಲ್ಲಿ ಅದು ಮರೆತುಹೋಗುತ್ತದೆ.

ಕಂಪನಿಯ ಸಿಎಸ್‌ಆರ್ ಅಧಿಕಾರಿಗಳಲ್ಲಿ ಒಳ್ಳೆಯ ಕೆಲಸ ಮಾಡಬೇಕೆಂಬ ಹಂಬಲ ಇರುವವರು ಬಹಳ ಮಂದಿ ಇದ್ದಾರೆ. ಅವರಿಗೆ ವರ್ಗಾವಣೆಯಾಗುತ್ತದೆ, ಹೊಸಬರಿಗೆ ಹಳೆಯ ಮಾತು ಗೊತ್ತಿರುವುದಿಲ್ಲ. ಆದ್ದರಿಂದ ಫೋನಿನಲ್ಲಿ ಆದ ಪ್ರತಿ ಮಾತನ್ನೂ ಅದೇ ದಿನ ಎರಡು ಸಾಲಿನ ಇಮೇಲ್ ಮಾಡಿ ದಾಖಲಿಸಿ.

ಪ್ರಸ್ತಾವನೆ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಅದನ್ನು ತಿದ್ದಿ ಇನ್ನೊಂದು ಕಂಪನಿಗೆ ಕೊಡಿ. ಎರಡು ಮೂರು ಕಂಪನಿಗಳು ಸೇರಿ ಒಂದೇ ಯೋಜನೆ ಮಾಡಲು ನಿಯಮ ಅವಕಾಶ ಕೊಡುತ್ತದೆ, ಬೈಕಂಪಾಡಿಯಂಥ ಕಡೆ ಒಂದೇ ತೋಡಿನ ಸುತ್ತ ಹಲವು ಕಾಂಪೌಂಡುಗಳಿರುವಾಗ ಇದು ಆಗಬಹುದಾದ ಕೆಲಸ. ಬಾವಿಯ ನೋಟ್‌ಬುಕ್, ಎರಡು ಫೈಲುಗಳು, ಸ್ವೀಕೃತಿಗಳ ಒಂದೊಂದು ಪ್ರತಿ ಗ್ರಾಮ ಪಂಚಾಯತ್ ಗ್ರಂಥಾಲಯದಲ್ಲಿ ಇರಲಿ. ಮಹಾಸಭೆಯಲ್ಲಿ ಪದಾಧಿಕಾರಿಗಳು ಬದಲಾದಾಗ ಮೂಲ ಪ್ರತಿಗಳನ್ನು ಪಟ್ಟಿ ಮಾಡಿ ಹೊಸ ಕಾರ್ಯದರ್ಶಿಯ ಸಹಿ ಪಡೆದು ಒಪ್ಪಿಸಿ.